ಫೋರ್ಕ್ ಕೇಬಲ್ಲಿಗೆ ಕಟ್ಟಿದ್ದ ಕರಿದಾರ

ಕುರನೂರ ಅಣೆಕಟ್ಟಿನ ಇಳಿಜಾರಿನಲ್ಲಿ ಎಡಕ್ಕೆ ತಿರುಗಿದ್ದೇ ತಡ, ನನ್ನ ಗೇರ್ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮತ್ತೆ ತಾನಾಗಿಯೇ ಲಾಕ್ ಆಯಿತು. ಕುಲುಕು ನುಂಗಬೇಕಾದ ಸ್ಪ್ರಿಂಗ್ ಕಲ್ಲಿನಂತೆ ಬಿಗಿದುಕೊಂಡಿತು. ಹೆದರಿ ಬ್ರೇಕ್ ಹಿಡಿದೆ. ಹ್ಯಾಂಡಲ್‌ನಿಂದಲೇ ಫೋರ್ಕ್ ಲಾಕ್ ಮಾಡುವ ಹೊಸ ಲಿವರನ್ನು ಹಿಂದಿನ ವಾರವಷ್ಟೇ ನಾನೇ ಕೂರಿಸಿದ್ದೆ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ.

ಮನೆಯಲ್ಲಿ ಎಲ್ಲ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಲಿವರಿನಿಂದ ಫೋರ್ಕಿಗೆ ಹೋಗುವ ಹೊಸ ಕೇಬಲ್ಲಿಗೂ ಫ್ರೇಮಿಗೂ ಸೇರಿಸಿ ಯಾರೋ ಕರಿದಾರ ಕಟ್ಟಿದ್ದರು. ಎಡಕ್ಕೆ ತಿರುಗಿದಾಗಲೆಲ್ಲ ಅದು ಕೇಬಲ್ ಎಳೆದು ಲಾಕ್ ಹಾಕುತ್ತಿತ್ತು. ದೃಷ್ಟಿ ಆಗದಿರಲೆಂದು ಅವ್ವನೇ ಕಟ್ಟಿರಬೇಕು ಅಂದುಕೊಂಡು ಸಿಟ್ಟಿನಿಂದ ಕತ್ತರಿಸಿ ಅವಳ ಮುಂದೆ ಹಿಡಿದೆ.

ಅವ್ವ ಗಂಟನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. “ನಾ ಕಟ್ಟಿಲ್ಲಪಾ. ಇದು ಮಗ್ಗದವರ ಗಂಟ. ನಮ್ಮ ಮನ್ಯಾಗ ನಿಮ್ಮಪ್ಪಾರಿಗಷ್ಟ ಬರ್ತಿತ್ತು.”

ಎಂಐಡಿಸಿ ಕೈಗಾರಿಕಾ ವಸಾಹತಿನ ಪವರ್‌ಲೂಮಿನಲ್ಲಿ ದುಡಿದ ಅಪ್ಪ ತೀರಿಕೊಂಡು ವರ್ಷಗಳೇ ಆಗಿವೆ. ಆ ಇಳಿಜಾರಿನಲ್ಲಿ ಜೋರಾಗಿ ಹೋಗಬೇಡ ಎಂದು ಅವರು ಬದುಕಿರುವವರೆಗೂ ಹೇಳುತ್ತಿದ್ದರು.

ಲಾಕ್ ಈಗ ಸರಿಯಾಗಿದೆ. ಆ ತಿರುವಿನಲ್ಲಿ ನಾನೇ ಬ್ರೇಕ್ ಹಿಡಿಯುತ್ತೇನೆ. ದಾರ ಕತ್ತರಿಸಿದೆನಾದರೂ, ಆ ಗಂಟು ಬಿಚ್ಚಲು ಇವತ್ತಿಗೂ ಕೈ ಏಳುತ್ತಿಲ್ಲ.