ಭರಣಿಗೆ ಕಿವಿಯಿಟ್ಟು

ನಿಮ್ಮಲ್ಲಿ ಯಾರಾದರೂ ಭರಣಿಯೊಂದರ ಹೊಟ್ಟೆಗೆ ಕಿವಿಯಿಟ್ಟು ಕುಳಿತಿದ್ದೀರಾ? ಇಲ್ಲವಾದರೆ ನಿಮ್ಮ ಮಾನ ಉಳಿದಿದೆ, ದೇವರ ದಯೆ. ನನ್ನದು ಯುದ್ಧದ ಕಾಲದ ಒಂದು ಮಳೆಗಾಲದಲ್ಲಿ, ಹಂಸಭಾವಿಯ ನನ್ನ ಸೋದರತ್ತೆ ನೀಲವ್ವನ ನಡುಮನೆಯ ಮೂಲೆಯಲ್ಲಿ ಹೋಯಿತು. ಕಂದು ಹೆಗಲಿನ, ಹಾಲುಬಣ್ಣದ ಹೊಟ್ಟೆಯ ಆ ಪಿಂಗಾಣಿ ಭರಣಿಯನ್ನು ಅತ್ತೆ ಸವಣೂರಿನ ಅತ್ತರು ಮಾರುವವನೊಬ್ಬನಿಂದ ತಂದಿದ್ದಳು. ಭತ್ತದ ಹೊಟ್ಟಿನ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಅದು, ಉಂಡು ಕೌದಿ ಹೊದ್ದ ಗೌಡನಂತೆ, ಯಾರ ಗೊಡವೆಯೂ ಇಲ್ಲದೆ ಕುಳಿತಿರುತ್ತಿತ್ತು. ನಾನು ಅದರ ಮುಂದೆ ಮಂಡಿಯೂರಿ, ಹೊಟ್ಟು ಸರಿಸಿ, ಕಿವಿ ಹಚ್ಚಿ ಉಸಿರು ಹಿಡಿದಿರುತ್ತಿದ್ದೆ.

ಭರಣಿಯಲ್ಲಿದ್ದದ್ದು ನೀರಲಹಣ್ಣಿನ, ಎಂದರೆ ನೇರಳೆಯ, ಆಸವ; ರಸ ತಾನೇ ಹುದುಗಿ ಆಗುವ ಔಷಧ. ಮುಂಗಾರಿನ ಮೊದಲ ಮಳೆಗೆ ಉದುರುವ ಹಣ್ಣನ್ನು ಅತ್ತೆ ತೊಳೆಯಲು ಬಿಡುತ್ತಿರಲಿಲ್ಲ. ಒಣ ಬಟ್ಟೆಯಿಂದ ಮಣ್ಣಷ್ಟೇ ಒರೆಸಿ, ಕೈಯಿಂದ ಕಿವುಚಿ, ಬೀಜ ತೆಗೆದು, ಬೆಲ್ಲ ಬೆರೆಸಿ, ಹಾನಗಲ್ಲಿನ ಕಡೆಯ ಗುಡ್ಡಗಳಿಂದ ತರಿಸಿ ಒಣಗಿಸಿಟ್ಟ ಧಾತಕಿಯ ಕೆಂಪು ಹೂವನ್ನು ಮೇಲೆ ಉದುರಿಸಿ, ಬಾಯಿಗೆ ಬಟ್ಟೆ ಬಿಗಿದು, ಕಡ್ಡಿ ತೂರುವಷ್ಟು ಸಂದು ಬಿಟ್ಟು ಮಣ್ಣು ಮೆತ್ತಿದಳೆಂದರೆ ಮನುಷ್ಯರ ಕೆಲಸ ಮುಗಿಯಿತು. ಉಳಿದದ್ದನ್ನು ಹಣ್ಣಿನ ಸಿಪ್ಪೆಯೂ ಹೂವೂ ಕತ್ತಲೆಯೂ ಸೇರಿ ತಾವೇ ನೋಡಿಕೊಳ್ಳುತ್ತವೆ. ಅವು ದುಡಿಯುವಷ್ಟು ಕಾಲವೂ ಭರಣಿ ಒಳಗೊಳಗೇ ಮಾತಾಡುತ್ತದೆ. ಮಾತು ನಿಂತ ದಿನ ಆಸವ ಆಯಿತು. ಬಾಯಿ ತೆರೆದು ನೋಡಬಾರದೇನು ಎಂದು ಕೇಳುತ್ತೀರಿ. ಬೇಗ ತೆರೆದರೆ ಗಾಳಿ ಹೊಕ್ಕು ಹುಳಿಯಾಗುತ್ತದೆ. ಆದ್ದರಿಂದ ಕಿವಿಯೇ ಗತಿ.

ಇನ್ನು ನಾನು. ಹತ್ತಿರದ ಹಳ್ಳಿಯೊಂದರ ಸಾಲೆಯಲ್ಲಿ ಮಾಸ್ತರಿಕೆ, ಅತ್ತೆಯ ಮನೆಯಲ್ಲಿ ಊಟ, ಇಪ್ಪತ್ತೆರಡು ವರ್ಷ, ಮೀಸೆ ಇನ್ನೂ ಅರ್ಜಿ ಹಾಕಿಕೊಂಡು ಕಾಯುತ್ತಿತ್ತು. ಊರು ನನ್ನನ್ನು ‘ನಕಲಿ ಮಾಸ್ತರ’ ಎನ್ನುತ್ತಿತ್ತು; ಮಂದಿಯ ದನಿ ಅಣಕಿಸುವುದಕ್ಕೆ ನಮ್ಮ ಕಡೆ ನಕಲಿ ಎಂದೇ ಹೆಸರು. ತಪಾಸಣೆಗೆ ಬರುವ ಸಾಹೇಬರ ಸೀನು, ಗೌಡರ ಕೆಮ್ಮು, ಪುರಾಣ ಹೇಳುವ ಅಯ್ನೋರು ರಾಗದ ನಡುವೆ ಅಡಿಕೆ ಕಚ್ಚುವ ಸದ್ದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಮನೆಯ ಯಜಮಾನನ ದನಿ ಯಾವುದೆಂದು ವಿಚಾರಿಸಿದರೆ ಮಾತ್ರ, ಆತ ಊರಲ್ಲಿಲ್ಲ ಎಂಬ ಉತ್ತರ. ಹಿರೇಕೆರೂರಿನ ಪಾನನಿರೋಧದ ಸಭೆಯಲ್ಲಿ ಭಾಷಣಕಾರರ ಗಂಟಲು ಕಟ್ಟಿದಾಗ ಅವರದೇ ದನಿಯಲ್ಲಿ ಉಳಿದರ್ಧ ಭಾಷಣ ಮುಗಿಸಿ, ಚಪ್ಪಾಳೆ ಗಿಟ್ಟಿಸಿ, ಸಂಜೆ ಮನೆಗೆ ಬಂದು ಭರಣಿಗೆ ಹೊಟ್ಟು ಒತ್ತಿದ ಮಹಾನುಭಾವ ನಾನು. ಅತ್ತೆಗೆ ಇದರಲ್ಲಿ ಯಾವ ವಿರೋಧವೂ ಕಾಣಲಿಲ್ಲ.

“ಚಮಚೇದಾಗ ಹಿಡಿಸಿದ್ರ ಔಷಧ, ತಂಬಿಗ್ಯಾಗ ಹಿಡಿಸಿದ್ರ ಸೆರೆ. ನಿನ್ನ ಭಾಷಣದಾಗ ಇಷ್ಟು ಸೇರ್ಸು, ಸಾಕು,” ಎಂದಿದ್ದಳು.

ಬಾಣಂತಿಯರು, ಜ್ವರದಿಂದ ಎದ್ದವರು, ಅನ್ನ ಸೇರದವರು ಅತ್ತೆಯ ಬಾಗಿಲಿಗೆ ಬರುತ್ತಿದ್ದರು. ಗಂಡನಿಲ್ಲದ ಆ ಹೆಂಗಸಿಗೆ ಊರಿನಲ್ಲಿ ಇದ್ದ ಗೌರವವೆಲ್ಲ ಆ ಭರಣಿಯಿಂದ ಚಮಚ ಚಮಚವಾಗಿ ಬಂದದ್ದು. ಆದರೆ ಹಿಂದಿನ ವರ್ಷ ಒಂದು ಅನಾಹುತವಾಯಿತು. ಅತ್ತೆ ಭರಣಿಗೆ ಕಿವಿಯಿಟ್ಟು, “ಸುಮ್ಮನಾತು,” ಎಂದು ಹನ್ನೆರಡನೆಯ ದಿನಕ್ಕೇ ಸೋಸಿ ಬಾಟ್ಲಿಗೆ ತುಂಬಿದಳು. ನಾಲ್ಕು ದಿನ ಕಳೆದು ನಾವು ರೊಟ್ಟಿ ತಿನ್ನುತ್ತಿರುವಾಗ, ಅವಳ ಬೆನ್ನ ಹಿಂದಿನ ಗೋಡೆಗೂಡಿನಲ್ಲಿ ಬಾಟ್ಲಿಯೊಂದರ ಬೂಚು ಬಂದೂಕಿನಂತೆ ಹಾರಿ ತೊಲೆಗೆ ಬಡಿಯಿತು. ನೇರಳೆ ನೊರೆ ಗೋಡೆಯ ಮೇಲೆ ಹರಿಯಿತು. ನಾನು ತಟ್ಟೆ ಬಿಟ್ಟು ಎದ್ದೆ. ಬೆಕ್ಕು ಬೀದಿಗೆ ಓಡಿತು. ಅತ್ತೆ ತಿರುಗಿಯೂ ನೋಡದೆ, “ಪಲ್ಯ ಬೇಕೇನೋ?” ಎಂದು ಕೇಳಿದಳು.

ಆಗ ನನಗೆ ತಿಳಿಯಿತು. ಎಲ್ಲರ ಮಾತಿಗೂ ಅವಳು “ಹೂಂ, ಆಗ್ಲಿ” ಎನ್ನುತ್ತಿದ್ದದ್ದು ಒಳ್ಳೆಯತನವೊಂದೇ ಆಗಿರಲಿಲ್ಲ. ಬಾಯಿಯನ್ನು ಬಲಗಿವಿಗೆ ಹಚ್ಚಿ ಹೇಳಿದರೆ ಕೇಳುತ್ತಿತ್ತು. ಭರಣಿಯ ಪಿಸುಮಾತು ಯಾವಾಗಲೋ ದೂರ ಹೋಗಿತ್ತು. ಆ ವರ್ಷದ ಆಸವ ಮುಸುರೆಗೆ ಹೋಯಿತು. ಯುದ್ಧದಿಂದಾಗಿ ಬೆಲ್ಲ ಸಿಗುವುದೇ ದುಸ್ತರವಾಗಿದ್ದ ದಿನಗಳು. ಅತ್ತೆ ಗೋಡೆಯ ಕಲೆ ತಿಕ್ಕುತ್ತ, “ಬರೋ ವರ್ಷ ಒಂದ ಸಲ ಮಾಡ್ತೇನಿ. ಅದೂ ಕೆಟ್ರ ಭರಣಿ ಬೋರಲ ಹಾಕಿಬಿಡ್ತೇನಿ,” ಎಂದಳು. ದುಃಖವಿರಲಿಲ್ಲ ಆ ದನಿಯಲ್ಲಿ, ಹಟವಿತ್ತು.

ಮರುವರ್ಷ ಭರಣಿ ತುಂಬಿದ ದಿನ ನಾನು ಅವಳ ಕಿವಿಗೆ ಬಾಯಿಟ್ಟು, “ಕೇಳೋದು ನಾ ಕೇಳ್ತೇನಿ, ಅತ್ತಿ. ಕೇಳಿದ್ದನ್ನ ನಿನ್ನ ಕಿವ್ಯಾಗ ಹಂಗ ಮಾಡಿ ತೋರಸ್ತೇನಿ. ಹೇಳೋದು ನೀ ಹೇಳು,” ಎಂದೆ.

“ನೀನಾ? ಗೌಡರ ಕೆಮ್ಮು ಕೆಮ್ಮಿ, ಅವರ ಹೆಂಡತಿ ಸೆರಗ ಹೊತ್ಕೊಂಡು ಎದ್ದ ನಿಲ್ಲೂಹಂಗ ಮಾಡಿದಾಂವ? ನಿನ್ನ ಮಾತು ಯಾರು ನಂಬ್ತಾರೋ?” ಎಂದವಳು, ತಲೆಯ ಮೇಲಿನ ಸೆರಗು ಸರಿಸಿ, “ಮಾಡು, ನೋಡೂಣು,” ಎಂದು ಕಿವಿ ಕೊಟ್ಟಳು.

ಮೂರನೆಯ ದಿನ ಭರಣಿ ಬಾಯಿಬಿಟ್ಟಿತು. ಹಂಚಿನ ಮೇಲೆ ಜೋಳ ಅರಳುವ ಹಾಗೆ, ಮಾಸ್ತರು ಒಳಗೆ ಬರುವ ಮೊದಲು ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಒದರುವ ಹಾಗೆ. ನನಗೆ ಹುರುಪು ಏರಿತು. ಅತ್ತೆಯ ಕಿವಿಯಲ್ಲಿ ಅದನ್ನು ಆಡಿ ತೋರಿಸಿದೆ. ಸಾಲದೆಂದು ಒಂದಿಷ್ಟು ಗುಡುಗು ಸೇರಿಸಿದೆ, ಕೊನೆಗೊಂದು ತೇಗನ್ನೂ ಇಟ್ಟೆ. ಅತ್ತೆ ನಗಲಿಲ್ಲ.

“ಇದು ಭರಣಿ ಅಲ್ಲ. ಇದು ನೀನು,” ಎಂದಳು.

ಅಂದು ನಾನು ಮೊದಲ ಸಲ ನನ್ನ ಕಸುಬಿನ ಬಗ್ಗೆ ಯೋಚಿಸಿದೆ. ನಕಲಿ ಮಾಡುವವನು ಮನುಷ್ಯನಲ್ಲಿ ಎದ್ದು ಕಾಣುವುದನ್ನು ಕಿತ್ತು, ಹಿಗ್ಗಿಸಿ, ಸಂತೆಯಲ್ಲಿ ಹಿಡಿಯುತ್ತಾನೆ. ಗೌಡರು ದಿನಕ್ಕೆ ನಾಲ್ಕು ಸಲ ಕೆಮ್ಮಿದರೆ ನನ್ನ ಗೌಡರು ನಲವತ್ತು ಸಲ ಕೆಮ್ಮುತ್ತಾರೆ. ಕೆಮ್ಮದೆ ಇದ್ದ ಹೊತ್ತಿನಲ್ಲಿ ಗೌಡರು ಏನಾಗಿದ್ದರು, ಯಾವ ಚಿಂತೆಯಲ್ಲಿ ಮೂಗುದಾಣ ಹಿಡಿದು ಎತ್ತಿನ ಮುಖ ನೋಡುತ್ತ ನಿಂತಿರುತ್ತಿದ್ದರು, ಅದು ನನ್ನ ಗಂಟಲಿಗೆ ಬೇಕಾಗಿರಲಿಲ್ಲ. ಹಿಗ್ಗಿಸುವುದು ಸುಲಭ, ನಗು ಕೂಡಲೇ ಬರುತ್ತದೆ. ಇದ್ದಷ್ಟನ್ನೇ ಒಯ್ದು ಇದ್ದಷ್ಟನ್ನೇ ಮುಟ್ಟಿಸುವುದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಚಪ್ಪಾಳೆ ಇಲ್ಲದ ಈ ಕೆಲಸವನ್ನು ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ, ಅತ್ತೆಯ ಅಳಿಯನಲ್ಲವೇ!

ದಿನವೂ ಸಾಲೆ ಬಿಟ್ಟೊಡನೆ ಬಂದು ಕೂರುತ್ತಿದ್ದೆ. ಎರಡು ವಾರ ಕಳೆಯುವುದರೊಳಗೆ ಮಗ್ಗಿಯ ಗದ್ದಲ ಸಾಹೇಬರು ಬಂದಾಗಿನ ಗುಸುಗುಸು ಆಯಿತು. ಅತ್ತೆ ನನ್ನ ಬಾಯಿಂದ ಅದನ್ನು ಕೇಳುತ್ತ, ಕಣ್ಣು ಮುಚ್ಚಿ, “ಇನ್ನs ಬೆಲ್ಲ ತಿನ್ನಾಕತ್ತೈತಿ... ಇವತ್ತ ಒಂದೀಟು ನಿಧಾನ... ಹೂಂ,” ಎನ್ನುತ್ತಿದ್ದಳು.

ಆಷಾಢದ ಗಾಳಿ ಬಂತು. ಮೂರು ದಿನ ಜಿಟಿಜಿಟಿ ಮಳೆ, ಮೈ ಕೊರೆಯುವ ಥಂಡಿ. ಪಕ್ಕದ ಮನೆಯ ಶಿವಕ್ಕನ ಮಗಳು, ಶಿಗ್ಗಾಂವಿಗೆ ಕೊಟ್ಟವಳು, ಹೆರಿಗೆಗೆಂದು ಬಂದಿದ್ದಳು. ಹೆತ್ತು ಇಪ್ಪತ್ತು ದಿನವಾದರೂ ಬಾಯಿಗೆ ತುತ್ತು ಸೇರದೆ ಹಾಸಿಗೆಗೆ ಅಂಟಿಕೊಂಡಿದ್ದಳು. ಶಿವಕ್ಕ ಗೋಣಿಚೀಲದ ಕೊಪ್ಪೆ ಹೊದ್ದು ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾಲ್ಕನೆಯ ದಿನವೂ ಮಳೆ ಬಿಡಲಿಲ್ಲ; ನಾನು ಕಿವಿಯಿಟ್ಟರೆ ಭರಣಿಯಲ್ಲಿ ಸದ್ದೇ ಇಲ್ಲ.

“ಆತೇನೋ ಮಾಸ್ತರಾ?” ಶಿವಕ್ಕ ಕೇಳಿದಳು.

‘ಆತು’ ಎನ್ನಲು ನಾಲಿಗೆ ತುದಿಗಾಲಲ್ಲಿತ್ತು. ನಾನು ಅತ್ತೆಯ ಕಿವಿಗೆ ಬಾಯಿ ಹಚ್ಚಿದೆ, ಸುಮ್ಮನೆ ನಿಂತೆ.

“ಮಾಡೋ,” ಎಂದಳು ಅತ್ತೆ.

“ಮಾಡಾಕತ್ತೇನಿ, ಅತ್ತಿ. ಅದು ಹಿಂಗs ಐತಿ.”

ಅತ್ತೆ ನನ್ನ ಮುಖ ನೋಡಿದಳು. “ಸುಮ್ಮನಿದ್ರೊಳಗೂ ಎರಡು ತರ ಐತಿ. ಉಂಡಾಂವ ಸುಮ್ಮನ ಆಗ್ತಾನ, ಮುನಿಸ್ಕೊಂಡಾಂವನೂ ಸುಮ್ಮನ ಆಗ್ತಾನ. ಇದು ಯಾವುದು? ಹೋಗಿ ಕೇಳು.”

ಮತ್ತೆ ಕುಳಿತೆ. ಮಳೆಯ ಸದ್ದನ್ನು ಕಿವಿಯಿಂದ ಕಳೆದೆ, ಶಿವಕ್ಕನ ಉಸಿರನ್ನು ಕಳೆದೆ, ನನ್ನ ಎದೆಬಡಿತವನ್ನೂ ಕಳೆಯಲು ನೋಡಿದೆ. ಕಾಲು ಜೋಮು ಹಿಡಿಯಿತು. ಮಗ್ಗಿ ಇಪ್ಪತ್ತರವರೆಗೆ ಹೇಳಿ ಮುಗಿಸುವಷ್ಟು ಹೊತ್ತಾದ ಮೇಲೆ, ಆಳದಲ್ಲೆಲ್ಲೋ, ಒಂದೇ ಒಂದು ‘ಟುಪ್’. ಮತ್ತೆ ಅಷ್ಟೇ ಹೊತ್ತು ಮೌನ. ಮತ್ತೊಂದು.

ಎದ್ದು ಬಂದು ಅತ್ತೆಯ ಕಿವಿಯಲ್ಲಿ ಅದನ್ನು ಇದ್ದ ಹಾಗೆ ಆಡಿದೆ. ಅಷ್ಟು ಹೊತ್ತು ಬಾಯಿ ಹಚ್ಚಿ ಮಿಸುಕದೆ ನಿಂತು, ಒಂದು ‘ಟುಪ್’. ನನ್ನ ಬಾಳಿನ ಅತಿ ಉದ್ದದ ನಕಲಿ ಅದು, ಅತಿ ಚಿಕ್ಕದೂ ಹೌದು. ಅತ್ತೆಯ ಮುಖ ಅರಳಿತು.

“ಥಂಡಿಗೆ ಮುನಿಸ್ಕೊಂಡೈತಿ. ಹೊಸಾ ಹೊಟ್ಟು ಬೆಚ್ಚಗ ಮಾಡಿ ಸುತ್ತೂ ಹಾಕು. ಇನ್ನೊಂದು ವಾರ.”

“ವಾರಾ?” ಶಿವಕ್ಕ ನನ್ನ ಕಡೆ ತಿರುಗಿ ಹೌಹಾರಿದಳು. “ಮಗಳು ಅಲ್ಲಿ ಕಣ್ಣ ಬಿಡವಲ್ಲಳು, ನಿನಗ ನಕಲಿ ಹೊಳೀತೈತೇನು? ನಿನ್ನ ಮಾತು ಕೇಳಿ ಈಕಿನೂ ಕೆಟ್ಟಳು!”

“ಬೈರಿ, ಶಿವಕ್ಕ, ಬೇಕಾದಷ್ಟು ಬೈರಿ. ಇವತ್ತ ಮಾತ್ರ ತೆಗ್ಯಾಂಗಿಲ್ರಿ,” ಎಂದೆ. ಯಾರ ದನಿಯಲ್ಲಿ ಹೇಳಿದೆನೋ ತಿಳಿಯದು. ಬಾಡಿಗೆಯವರಾರೂ ಅದು ತಮ್ಮದೆಂದು ಹೇಳಿಕೊಂಡು ಬರಲಿಲ್ಲ. ಶಿವಕ್ಕ ದಡದಡನೆ ಹೋದಳು. ಆ ವಾರದ ಒಂದೊಂದು ದಿನವೂ ನನಗೆ ಅವರ ಮನೆಯ ಕೂಸಿನ ಅಳು ಕೇಳುತ್ತಿತ್ತು, ಅತ್ತೆಗೆ ಕೇಳುತ್ತಿರಲಿಲ್ಲ. ಕಿವಿಯಿರುವವನ ಪಾಡು ಇಷ್ಟು.

ಬೆಚ್ಚಗಾದ ಭರಣಿ ಮತ್ತೆ ಮೂರು ದಿನ ಗುನುಗಿತು, ಆಮೇಲೆ ಸಾವಕಾಶವಾಗಿ, ಉಂಡವನ ಹಾಗೆ, ಸುಮ್ಮನಾಯಿತು. ಎಂಟನೆಯ ದಿನ ಮಣ್ಣು ಬಿಡಿಸಿ ಅತ್ತೆ ಉರಿಯುವ ಬತ್ತಿಯನ್ನು ಭರಣಿಯ ಬಾಯೊಳಗೆ ಇಳಿಸಿದಳು. ಒಳಗೆ ಇನ್ನೂ ಕೆಲಸ ನಡೆದಿದ್ದರೆ ಬತ್ತಿ ಆರುತ್ತದೆ. ಆರಲಿಲ್ಲ, ನೆಟ್ಟಗೆ ಉರಿಯಿತು. ಸೋಸಿದ ಆಸವವನ್ನು ಅತ್ತೆ ಚಮಚದಲ್ಲಿ ಹಿಡಿದು ಬೆಳಕಿಗೆ ನೋಡಿದಳು, ಮೂಸಿದಳು, ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ.

“ಹಣ್ಣು ಇನ್ನೂ ಐತಿ. ಬೆಲ್ಲ ಎಲ್ಲಿ ಹೋತೋ, ಗುರುತs ಇಲ್ಲ,” ಎಂದು ಇನ್ನೊಂದು ಚಮಚ ನನಗೆ ಕೊಟ್ಟಳು. ಮೊದಲು ಒಗರು, ಆಮೇಲೆ ಮಳೆ ಬಿದ್ದ ನೆಲದ ಕಂಪು, ಗಂಟಲಿಳಿದ ಮೇಲೆ ಎದೆಯಲ್ಲೊಂದು ಸಣ್ಣ ಕಾವು. ಬೆಲ್ಲ ತಾನು ಕಾಣದ ಹಾಗೆ ದುಡಿದು ಮಾಯವಾದಾಗಲೇ ಹಣ್ಣಿಗೆ ಮಾತು ಬರುವುದೆಂದು ನನಗನಿಸಿತು. ಇಂಥ ದೊಡ್ಡ ಮಾತು ನನಗೆ ಹೊಳೆದಾಗಲೆಲ್ಲ ಅದು ಪುರಾಣದ ಅಯ್ನೋರ ದನಿಯಲ್ಲಿ, ಅಡಿಕೆ ಕಚ್ಚುವ ಸದ್ದಿನೊಂದಿಗೇ ಬರುತ್ತದೆ, ಕ್ಷಮಿಸಿ.

ಆಸವ ಶಿವಕ್ಕನ ಮನೆಗೆ ಹೋಗಿ ಮೂರು ದಿನಕ್ಕೆ ಅವಳೇ ಬಂದಳು. ಹೊರಗೆ ನಾಲ್ಕು ಹೆಂಗಸರು ತಮ್ಮ ತಮ್ಮ ಬಟ್ಟಲು ಹಿಡಿದು ಕುಳಿತಿದ್ದರು. ಶಿವಕ್ಕ ಅಂಗಳದಿಂದಲೇ ಏನೋ ಹೇಳತೊಡಗಿದಳು. ಎಂದಿನಂತೆ “ಹೂಂ, ಆಗ್ಲಿ” ಬರಲಿದೆಯೆಂದು ನಾನು ಕಾದೆ. ಅತ್ತೆ ಕೈಯೆತ್ತಿ ಅವಳನ್ನು ತಡೆದಳು.

“ನನಗ ಕಿವಿ ಕೇಳ್ಸೂದಿಲ್ಲ, ಶಿವಕ್ಕ. ಭಾಳ ದಿನ ಆತು. ಇವನ ಮುಂದ ಹೇಳು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಶಿವಕ್ಕ ಸೆರಗಿನಿಂದ ಮೂಗು ಒರೆಸಿ, ನನ್ನ ಮುಂದೆ ಮತ್ತೊಮ್ಮೆ ಹೇಳಿದಳು. ನಾನು ಅತ್ತೆಯ ಕಿವಿಗೆ ಬಾಗಿ, ಶಿವಕ್ಕನ ದನಿಯಲ್ಲೇ, ನಡುವೆ ಅದು ಒಡೆದ ಕಡೆ ಒಡೆದು, ಒಂದಕ್ಷರ ಹಿಗ್ಗಿಸದೆ ಅಂದೆ: “ನಿನ್ನೆ ನನ್ನ ಮಗಳು ಎದ್ದು ಕುಂತು ಅರ್ಧ ರೊಟ್ಟಿ ತಿಂದಳು, ನೀಲವ್ವಾ.”

“ಅರ್ಧ ಅಂದಳೇನು?”

“ಅರ್ಧs.”

“ನೀ ಅರ್ಧ ಅಂದಿ ಅಂದ್ರ ಖರೇನs,” ಎಂದಳು ಅತ್ತೆ.