ಜಾನಬಿ ಓದಿದ ತನ್ನದೇ ತಲೆ

ಶಹಾಬಾದಿನ ನಮ್ಮ ಕಲ್ಲಿನ ಯಾರ್ಡಿನಲ್ಲಿ ಜಾನಬಿ ಎಳೆದ ಗೀಟಿಗೆ ಮಾಲೀಕರೂ ಎದುರಾಡುವುದಿಲ್ಲ. ಹಾಸುಗಲ್ಲಿನ ಮೇಲೆ ನೀರು ಚೆಲ್ಲಿ, ಅದು ಆರುವ ತನಕ ಕಾಯುತ್ತಾಳೆ. ಸೀಳಿದ್ದಲ್ಲಿ ತೇವ ಉಳಿಯುತ್ತದೆ. ಒಳ್ಳೆಯ ಕಲ್ಲಿಗೆ ಗೀಟಿಲ್ಲ, ಅರ್ಧ ಕೆಟ್ಟದ್ದಕ್ಕೆ ಒಂದು, ಪೂರ್ತಿ ಕೆಟ್ಟದ್ದಕ್ಕೆ ಎರಡು.

ಆದರೆ ಮೂರು ವರ್ಷದಿಂದ ಅವಳ ಮೂಗು ಕೈಕೊಟ್ಟಿತ್ತು. ಎಡ ಹೊಳ್ಳೆ ಪೂರ್ತಿ ಮುಚ್ಚಿ, ಬಲದ್ದೂ ಅರೆಬರೆಯಾಗಿ, ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಒಂದು ದಿನ ಗ್ಯಾಸ್ ಸೋರುತ್ತಿರುವಾಗ ಕಡ್ಡಿ ಗೀರಲು ಹೊರಟಿದ್ದಳು. ಪಕ್ಕದ ಮನೆಯ ನಾನು ಓಡಿ ಹೋಗಿ ಕಡ್ಡಿಪೆಟ್ಟಿಗೆ ಕಸಿದುಕೊಂಡೆ. ಅಂದಿನಿಂದ ತನ್ನ ಅಡುಗೆಮನೆಗೆ ಹೋಗಲು ತಾನೇ ಹೆದರುತ್ತಿದ್ದಳು. ಗಂಡ ಹಾಜಿಮಲಂಗ್ ಮಾತ್ರ ಆರಾಮಾಗಿದ್ದ. ಬೀಡಿ ಬಿಟ್ಟು ಎರಡು ವರ್ಷವಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಮೂಗಿನ ಆಪರೇಷನ್ನಿಗೆ ಮುಂಚೆ ಕಲಬುರಗಿಯ ಆಸ್ಪತ್ರೆಯಲ್ಲಿ ತಲೆಯ ಸಿ.ಟಿ. ಫೋಟೋ ತೆಗೆದರು. ಜೊತೆಗೆ ನಾನಿದ್ದೆ. ಡಾಕ್ಟರ್ ಭಾಗ್ಯಜ್ಯೋತಿ ಲೆಕ್ಕ ತಿಳಿಸಿದರು: ಮುಖದೆಲುಬಿನೊಳಗಿನ ಪ್ರತಿ ಗೂಡಿಗೂ ಅಂಕ, ಖಾಲಿಯಿದ್ದರೆ ಸೊನ್ನೆ, ಅರೆಬರೆ ತುಂಬಿದ್ದರೆ ಒಂದು, ಪೂರ್ತಿ ತುಂಬಿದ್ದರೆ ಎರಡು. ಅಂಕ ಹೆಚ್ಚಾದಷ್ಟೂ ರೋಗ ಜೋರು. ಜಾನಬಿ ನಕ್ಕಳು. ಇದು ತನ್ನ ಗೀಟಿನ ಲೆಕ್ಕವೇ ಅಲ್ಲವೇ ಎಂದಳು.

ಆಮೇಲೆ ಕಿರಿಯ ಡಾಕ್ಟರ್ ಪರದೆ ನೋಡುತ್ತ ಕಾಗದ ತುಂಬಿ ಓದಿದ: ಬಲಕ್ಕೆ ಹನ್ನೊಂದು, ಎಡಕ್ಕೆ ಐದು. ಹೆಚ್ಚು ಕೆಟ್ಟದ್ದು ಎಡಗಡೆ ಎಂದು ಜಾನಬಿ ತಡೆದಳು. ಫೋಟೋ ಸುಳ್ಳು ಹೇಳುವುದಿಲ್ಲ ಎಂದು ಆತ ಸಿಡುಕಿದ. ನನಗೆ ಮೈಯೆಲ್ಲ ಉರಿಯಿತು. ಜಾನಬಿಗೆ ಸಿಟ್ಟೇ ಬರಲಿಲ್ಲ.

"ಕಲ್ಲು ಮಗಚಿ ಹಾಕಿದ್ರ ಎಡಕಿನ ಸೀಳು ಬಲಕ್ಕ ಬರ್ತದ್ರಿ," ಎಂದಳು. "ಈ ಫೋಟೋದಾಗ ನೀವು ನನ್ನ ಎದುರು ನಿಂತಂಗ ನೋಡಾಕತ್ತೀರಿ. ನಿಮ್ಮ ಬಲಗೈ ಕಡೀಗಿ ಇರೋದು ನನ್ನ ಎಡಕ್ರಿ."

ಭಾಗ್ಯಜ್ಯೋತಿ ಫೋಟೋದ ಮೂಲೆಯ ಎಡ-ಬಲದ ಗುರುತು ನೋಡಿದರು. ಅವಳು ಹೇಳಿದ್ದೇ ಸರಿ. ಕಾಗದ ಹರಿದು ತಾವೇ ಹೊಸದಾಗಿ ಬರೆದರು: ಎಡಕ್ಕೆ ಹನ್ನೊಂದು. ಆ ಕಿರಿಯ ಡಾಕ್ಟರ್ ತನ್ನ ಕುರ್ಚಿ ಬಿಟ್ಟು ಎದ್ದು, ತಪ್ಪಾಯ್ತವ್ವಾ ಎಂದ. ನನಗೆ ಭಾಳ ಹೆಮ್ಮೆಯಾಯಿತು, ಯಾಕೆ ಮುಚ್ಚಿಡಲಿ?

ಆಪರೇಷನ್ ಚೆನ್ನಾಗಿ ಆಯಿತು. ಏಳನೇ ವಾರ ಯಾರ್ಡಿನಲ್ಲಿ ಕಲ್ಲಿಗೆ ನೀರು ಚೆಲ್ಲಿದವಳು ತಟ್ಟನೆ ನಿಂತಳು. ಹಸಿ ಕಲ್ಲಿನ ವಾಸನೆ ಬಂತೆಂದು ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ.

ಸಂಜೆ ಜಾನಬಿ ತಾನೇ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಹಾಜಿಮಲಂಗ್ ಬಂದು ಪಕ್ಕದಲ್ಲಿ ಕುಳಿತ. ಅವಳ ಕೈ ನಿಂತಿತು.

"ಅಂಗಿ ಬಿಚ್ಚಿ ಹೊರಗ ಹಾಕ್ರಿ," ಎಂದಳು. "ಬೀಡಿ ನಾರಾಕತ್ತದ."