ನಾಲ್ಕು ಅಂಗೈಯಗಲ ನೆಲ ಮತ್ತು ತಾಳಕೇರಿ ಸರ್

ತಾಳಕೇರಿ ಸರ್ ನನಗೆ ಇಲ್ಲ ಎನ್ನಲಾರರು. ಈ ಲೇಖನ ಬರೆಯಲು ಕೂತಾಗಿನಿಂದ ನನ್ನನ್ನು ಕಾಡುತ್ತ ಬಂದ ಅಂಜಿಕೆ ಇದೊಂದೇ. ದಿನಚರಿಯ ಹಾಳೆಯ ಹೊರತು ಬೇರೆಲ್ಲೂ ಇದನ್ನು ಇದುವರೆಗೆ ಹೇಳಿಕೊಂಡಿರಲಿಲ್ಲ. ಅಭಿನಂದನ ಸಮಿತಿಯವರು ನನಗೆ ಎರಡು ಕೆಲಸ ಒಪ್ಪಿಸಿದ್ದಾರೆ. ಸರ್ ಅವರ ಸೇವೆಯನ್ನು ಕುರಿತು ಈ ಸಂಪುಟಕ್ಕೆ ಬರೆಯುವುದು ಮೊದಲನೆಯದು. ಗಂಗಾವತಿಯಲ್ಲಿ ಹಳೆಯ ವಿದ್ಯಾರ್ಥಿಗಳು ತೆರೆಯಲಿರುವ ವೇಗದ ಕಾರುಗಳ ತರಬೇತಿ ಕೇಂದ್ರದ ಹೊಣೆಯನ್ನು ನಿವೃತ್ತಿಯ ಮರುದಿನದಿಂದಲೇ ಹೊರುವಂತೆ ಅವರನ್ನು ಒಪ್ಪಿಸುವುದು ಎರಡನೆಯದು. “ನೀ ಕೇಳಿದ್ರ ಸರ್ ಒಲ್ಲೆ ಅನ್ನಂಗಿಲ್ಲ ಬಿಡು” ಎಂದರು ಎಲ್ಲರೂ. ಅದು ನಿಜ. ನಿಜವಾಗಿರುವುದೇ ನನ್ನ ಕಷ್ಟ.

ಕೊಪ್ಪಳ ಸೀಮೆಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದಿದ ಯಾರನ್ನೇ ಕೇಳಿದರೂ, ಎಂಜಿನ್ನಿನ ಶಕ್ತಿ ಗಾಲಿಯನ್ನು ತಲುಪುವ ದಾರಿಯನ್ನು ತಮಗೆ ತೋರಿಸಿಕೊಟ್ಟವರೆಂದು ಶ್ರೀ ಅಂದಪ್ಪ ತಾಳಕೇರಿ ಅವರ ಹೆಸರನ್ನೇ ಹೇಳುತ್ತಾರೆ. ಯಲಬುರ್ಗಾ ತಾಲೂಕಿನ ಒಕ್ಕಲು ಮನೆತನದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಓದಿ, ದೊಡ್ಡ ಕಾರ್ಖಾನೆಯೊಂದರ ಕರೆಯನ್ನು ಬಿಟ್ಟು ಕುಷ್ಟಗಿಯ ಪಾಲಿಟೆಕ್ನಿಕ್ಕಿಗೆ ಪಾಠದ ಕೆಲಸಕ್ಕೆ ಬಂದ ಅವರು, ಈ ಜಿಲ್ಲೆಯ ಗ್ಯಾರೇಜುಗಳಿಗೆ, ಶೋರೂಮುಗಳಿಗೆ, ಸಾರಿಗೆ ಡಿಪೋಗಳಿಗೆ ಎಷ್ಟು ಕೈಗಳನ್ನು ತಯಾರು ಮಾಡಿ ಕೊಟ್ಟರೆಂಬುದನ್ನು ಯಾರೂ ಎಣಿಸಿಲ್ಲ. ಎಣಿಸುವುದು ಅವರಿಗೆ ಇಷ್ಟವೂ ಅಲ್ಲ.

ಅವರ ಪಾಠದ ಹೆಗ್ಗುರುತು ಅಂಗೈ. ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಶಿಯಲ್ಲುಗಳ ಪಾಠ ತೊಡಗುವ ಮೊದಲು ಪ್ರತಿ ತರಗತಿಯನ್ನೂ ವರ್ಕ್‌ಶಾಪಿನ ನೆಲದ ಮೇಲೆ ಕೂಡಿಸಿ, ಎಲ್ಲರೂ ಅಂಗೈಯನ್ನು ನೆಲಕ್ಕೆ ಊರಬೇಕೆಂದು ಹೇಳುತ್ತಿದ್ದರು. ನಮ್ಮ ತಂಡದಲ್ಲೂ ಹಾಗೇ ಆಯಿತು. ಎಣ್ಣೆಗಟ್ಟಿದ ನೆಲದ ಮೇಲೆ ಕೈಯಿಟ್ಟು ಕೂತ ನಮ್ಮ ನಡುವೆ ಓಡಾಡುತ್ತ ಅವರು ಹೇಳಿದರು: “ಒಂದು ಟೈರು ನೆಲಾ ಹಿಡಿಯೂದು ಇಷ್ಟ ಜಾಗಾದಾಗ. ನಾಕು ಗಾಲಿ ಅಂದ್ರ ನಾಕು ಅಂಗೈ. ಐನೂರು ಹಾರ್ಸ್‌ಪವರ್ ಇರಲಿ, ಸಾವಿರ ಇರಲಿ, ಎಲ್ಲಾ ಬಂದು ಕುಂದ್ರೂದು ಈ ನಾಕು ಅಂಗೈ ಮ್ಯಾಲ.”

“ಸರ, ಐನೂರು ಹಾರ್ಸ್‌ಪವರ್ ಗಾಡಿ ನಮ್ಮ ಕುಷ್ಟಗಿಗೆ ಯಾವಾಗ ಬರತೈತ್ರಿ?” ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

“ಗಾಡಿ ತಡಾ ಆಗಿ ಬಂದ್ರೂ ನಡೀತೈತೋ ತಮ್ಮಾ. ತಿಳುವಳಿಕಿ ಮೊದಲ ಬರಲಿ.”

ಇಡೀ ಶಕ್ತಿಯನ್ನು ಹಿಂದಿನ ಎರಡೇ ಗಾಲಿಗಳಿಗೆ ಕೊಡಬೇಕೋ, ನಾಲ್ಕಕ್ಕೂ ಹಂಚಬೇಕೋ ಎಂಬ ವಾದವನ್ನು ಅವರು ವರ್ಷಕ್ಕೊಮ್ಮೆ ತರಗತಿಯಲ್ಲಿ ಬೇಕೆಂದೇ ಹಚ್ಚುತ್ತಿದ್ದರು. ತರಗತಿ ಎರಡು ಪಕ್ಷವಾಗಿ ಒಡೆದು, ಊಟದ ಬಿಡುವಿನಲ್ಲೂ ಜಗಳ ಮುಗಿಯುತ್ತಿರಲಿಲ್ಲ. ಸರ್ ಯಾವ ಪಕ್ಷಕ್ಕೂ ಸೇರುತ್ತಿರಲಿಲ್ಲ. ಗಾಡಿ ಹೊರಡುವಾಗ ಭಾರ ಹಿಂದಕ್ಕೆ ಸರಿಯುವುದರಿಂದ ಹಿಂದಿನ ಗಾಲಿಗಳ ಹಿಡಿತ ಹೆಚ್ಚುತ್ತದೆ, ಮುಂದಿನ ಗಾಲಿಗಳು ತಿರುವುವ ಕೆಲಸಕ್ಕಷ್ಟೇ ಉಳಿಯುತ್ತವೆ, ಇದು ರಿಯರ್ ವೀಲ್ ಡ್ರೈವಿನ ಹೆಚ್ಚುಗಾರಿಕೆ ಎಂದು ವಿವರಿಸುವರು; ಆದರೆ ಶಕ್ತಿ ಒಂದು ಮಟ್ಟ ದಾಟಿದ ಮೇಲೆ ಎರಡು ಅಂಗೈ ನೆಲ ಅದನ್ನು ತಾಳಲಾರದೆ ಗಾಲಿ ಕೂತಲ್ಲೇ ತಿರುಗುತ್ತದೆ, ಆಗ ಆಲ್ ವೀಲ್ ಡ್ರೈವೇ ಗತಿ ಎಂದೂ ಅಷ್ಟೇ ನಿಷ್ಠೆಯಿಂದ ಹೇಳುವರು.

ಹನುಮಸಾಗರದಿಂದ ಬಂದ ನಾನು ಆ ತಂಡದ ಒಬ್ಬಳೇ ಹುಡುಗಿ. ಮಾತು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಮೊದಲ ಮೌಖಿಕ ಪರೀಕ್ಷೆಯ ದಿನ ಸರ್ ಎದುರು ನಿಂತೆ. ಉತ್ತರ ತಲೆಯಲ್ಲಿತ್ತು, ಬಾಯಿಗೆ ಇಳಿಯಲಿಲ್ಲ. ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ನನಗೆ ಬೆನ್ನು ಹಾಕಿ ಕೂತರು. “ಈಗ ಹೇಳವಾ. ನಾ ಹೊರಗ ನೋಡಾಕತ್ತೀನಿ” ಎಂದರು. ಆ ಬೆನ್ನಿಗೆ ನಾನು, ತಿರುವಿನಲ್ಲಿ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ಲಿನ ಕೆಲಸವನ್ನು ಮೊದಲಿಂದ ಕಡೆಯವರೆಗೆ ಹೇಳಿದೆ. ಪರೀಕ್ಷೆ ಮುಗಿದ ಮೇಲೂ ಅವರು ತಿರುಗಿ ನೋಡಲಿಲ್ಲ. ನಾನು ಕಣ್ಣೊರೆಸಿಕೊಂಡು ಹೋಗಲೆಂದು ಹಾಗೆಯೇ ಕೂತಿದ್ದರೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ವರ್ಕ್‌ಶಾಪಿನಲ್ಲಿದ್ದ ದಪ್ಪ ಬೂಟುಗಳೆಲ್ಲ ಗಂಡುಹುಡುಗರ ಅಳತೆಯವು. ಎರಡು ಜೊತೆ ಕಾಲುಚೀಲ ತೊಟ್ಟು ನಾನು ತಡವರಿಸಿ ನಡೆಯುವುದನ್ನು ಕಂಡು, ಯಾರಿಗೂ ಹೇಳದೆ ನನ್ನ ಪಾದದ ಅಳತೆಯ ಬೂಟು ತರಿಸಿ ಕಪಾಟಿನಲ್ಲಿ ಇಟ್ಟಿದ್ದರು. ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ ಚಾಂದಸಾಬ ಚಾಚಾ ಅದನ್ನು ನನ್ನ ಕೈಗಿತ್ತು, “ಇದು ಯಾರ ಕಾಲಿಗೂ ಬರವಲ್ದು ತಂಗಿ, ನೀನ ಹಾಕ್ಕೊಂಡುಬಿಡು, ಸುಮ್ಮನ ಜಾಗಾ ತಿಂತೈತಿ” ಎಂದು ಸುಳ್ಳು ಹೇಳಿದ್ದರು.

ಪದವಿ ಮುಗಿಸಿ, ಅದೇ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಮರಳಿದ ಮೇಲೆ, ವಿದ್ಯಾರ್ಥಿನಿಯ ಕಣ್ಣಿಗೆ ಬೀಳದ ಸರ್ ನನಗೆ ಕಾಣತೊಡಗಿದರು. ವಿಭಾಗದಲ್ಲಿ ಖಾಲಿಯಾದ ಹುದ್ದೆಗಳು ತುಂಬಲಿಲ್ಲ. ಆ ಪಾಠಗಳೆಲ್ಲ ಒಂದೊಂದಾಗಿ ಅವರ ವೇಳಾಪಟ್ಟಿಗೆ ಬಂದು ಸೇರಿದವು. ವಾರದಲ್ಲಿ ಕೆಲವು ದಿನ ಯಲಬುರ್ಗಾದ ಕಾಲೇಜಿಗೂ ನಿಯೋಜನೆಯ ಮೇಲೆ ಹೋಗಬೇಕಾಯಿತು. ಯಾರು ರಜೆ ಕೇಳಿದರೂ “ಹೋಗಿ ಬರ್ರಿ, ನಾ ಅದೀನಲ್ಲ” ಎನ್ನುವುದು ಅವರ ಬಾಯಿಪಾಠವಾಗಿತ್ತು. ಮುಂಜಾನೆ ಕೊಪ್ಪಳದಿಂದ ಬಸ್ಸಿನಲ್ಲಿ ಬಂದು, ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಂತು, ಸಂಜೆ ಅದೇ ಬಸ್ಸಿನಲ್ಲಿ ಚೀಲ ತಬ್ಬಿಕೊಂಡು ಮಲಗುವರು. ಒಮ್ಮೆ ಕೊಪ್ಪಳ ದಾಟಿದ್ದೂ ತಿಳಿಯದೆ, ಅಣೆಕಟ್ಟಿನ ಊರಾದ ಮುನಿರಾಬಾದಿನಲ್ಲಿ ಎಚ್ಚರಗೊಂಡರು. ಮರುದಿನ ಸ್ಟಾಫ್ ರೂಮಿನಲ್ಲಿ ನಗುತ್ತ ಹೇಳಿದರು: “ಪುಕ್ಕಟೆ ಡ್ಯಾಮ್ ನೋಡಿ ಬಂದ್ನಿ.” ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಸ್ಸಿನಲ್ಲಿ ಒಂದು ಸಲ ಅವರ ಪಕ್ಕದ ಸೀಟು ನನಗೆ ಸಿಕ್ಕಿತ್ತು. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಕೇಳುವಷ್ಟು ಧೈರ್ಯ ನನಗೆಲ್ಲಿಂದ ಬಂತೋ. ಅವರು ಹೊರಗಿನ ಸೂರ್ಯಕಾಂತಿಯ ಹೊಲಗಳನ್ನು ನೋಡುತ್ತ, “ಮನ್ಯಾಗ ಮಧ್ಯಾಹ್ನ ಹೆಂಗಿರತೈತಿ ಅಂತ ನೋಡಬೇಕವಾ. ನಾ ನೋಡೇ ಇಲ್ಲ” ಎಂದರು. ಅಷ್ಟೇ. ದೊಡ್ಡ ಆಸೆಗಳನ್ನೆಲ್ಲ ಕೇಳಿ ರೂಢಿಯಾದ ನನಗೆ ಆ ಚಿಕ್ಕ ಆಸೆ ಎದೆಯಲ್ಲಿ ನಟ್ಟಿತು.

ಕಳೆದ ಸುಗ್ಗಿಯ ನಂತರ ನಡೆದ ಗಿರಣಿಯಂಗಳದ ಪ್ರಸಂಗವನ್ನು ಈ ಸಂಪುಟದಲ್ಲಿ ಬೇರೆಯವರೂ ಬರೆದಿರಬಹುದು. ಸರ್ ಅವರ ಹಳೆಯ ವಿದ್ಯಾರ್ಥಿ, ಗಂಗಾವತಿಯ ಅಕ್ಕಿ ಗಿರಣಿಯ ಮನೆತನದ ಪ್ರಭುರಾಜ, ಐನೂರು ಹಾರ್ಸ್‌ಪವರಿನ ರಿಯರ್ ವೀಲ್ ಡ್ರೈವ್ ಕಾರು ತಂದಿದ್ದ. ಅವನ ಪಾಲುದಾರ, ಸರ್ ಅವರ ಇನ್ನೊಬ್ಬ ಶಿಷ್ಯ ಕಾಶಿನಾಥ ಅಷ್ಟೇ ಶಕ್ತಿಯ ಆಲ್ ವೀಲ್ ಡ್ರೈವ್ ತಂದ. ತರಗತಿಯಲ್ಲಿ ಮುಗಿಯದ ಜಗಳ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಹೊತ್ತಿಕೊಂಡಿತು. ತೀರ್ಪಿಗೆ ಸರ್ ಬರಬೇಕೆಂದರು, ಭಾನುವಾರವಾದರೂ ಸರ್ ಬಂದರು.

ಭತ್ತ ಒಣಗಿಸುವ ಸಿಮೆಂಟ್ ಕಣವೇ ಪರೀಕ್ಷೆಯ ಅಂಗಳ. ಗುರುಗಳು ಬರುತ್ತಾರೆಂದು ಅದನ್ನು ಎರಡೆರಡು ಸಲ ಕಸಬರಿಗೆಯಿಂದ ಗುಡಿಸಿದ್ದರು. ಅದೇ ತಪ್ಪಾಗಿತ್ತು. ಗುಡಿಸಿದ್ದರಿಂದ ಕಾಳು, ಹೊಟ್ಟು ಹೋಗಿ, ಹಿಟ್ಟಿನಂಥ ನುಣುಪಾದ ತೌಡು ಇಡೀ ಕಣಕ್ಕೆ ಸಮನಾಗಿ ಲೇಪವಾಗಿ ಉಳಿದಿತ್ತು. ಪ್ರಭುರಾಜ ಆಕ್ಸಿಲರೇಟರ್ ಒತ್ತಿದ. ಹಿಂದಿನ ಗಾಲಿಗಳು ಇದ್ದಲ್ಲೇ ಗಿರಗಿರನೆ ತಿರುಗಿ ಧೂಳೆಬ್ಬಿಸಿ, ಕಾರು ಬಾಲ ಅಲ್ಲಾಡಿಸಿತೇ ಹೊರತು ಮುಂದೆ ಹೋಗಲಿಲ್ಲ. ಕಾಶಿನಾಥನ ಕಾರು ಬಾಣದಂತೆ ಹೊರಟಿತು. ಅವನ ಪಕ್ಷದವರು ಸೀಟಿ ಹೊಡೆಯುತ್ತಿದ್ದಂತೆ ಅವನು ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಜಾರುತ್ತ, ಯಾವ ಅವಸರವೂ ಇಲ್ಲದಂತೆ ಹೋಗಿ, ತೌಡಿನ ಚೀಲಗಳ ಒಟ್ಟಿಲಿಗೆ ಮೂಗು ತೂರಿಸಿತು. ಚೀಲಗಳು ಒಡೆದು ಮೇಲೆ ಸುರಿದವು.

ಚಾಂದಸಾಬ ಚಾಚಾ ಹತ್ತಿರ ಹೋಗಿ ಇಣುಕಿದರು. “ಏನಾಗಿಲ್ಲ ಬರ್ರಿ. ಮದುಮಗನಿಗೆ ಅರಿಶಿಣ ಹಚ್ಚ್ಯಾರ, ಅಷ್ಟ.”

ನಗು ಇಳಿದ ಮೇಲೆ ಸರ್ ಮಾತಾಡಿದರು. “ನಾಕು ಗಾಲಿಗೆ ಶಕ್ತಿ ಕೊಟ್ರ ಹೊರಡಾಕ ಛಲೋ. ನಿಲ್ಲೂದ್ರಾಗ ಇಬ್ರೂ ಒಂದ; ಬ್ರೇಕು ಎಲ್ಲಾ ಗಾಡಿಗೂ ನಾಕು ಗಾಲಿಗೇ ಐತಿ. ಪ್ರಭುನ ಗಾಡಿ ನೆಲಾ ಸರಿ ಇಲ್ಲ ಅಂತ ಮೊದಲ ಹೇಳಿಬಿಡ್ತು. ಕಾಶಿನಾಥನ ಗಾಡಿ ಹೇಳಲಿಲ್ಲ. ಹೊತ್ತು ಹೊತ್ತು, ಒಮ್ಮಿಗೇ ಕೈ ಬಿಡ್ತು. ಹಂತಾ ಗಾಡಿ ಓಡಸಾಂವ ಅದು ಹೇಳೂದಕ್ಕ ಕಾಯಬಾರದು, ತಾನ ತಿಳಕೋಬೇಕು.”

ಎಲ್ಲರೂ ಕಾರು ಹೊರತೆಗೆಯಲು ಓಡಿದರು. ಸರ್ ಒಂದು ಚೀಲದ ಮೇಲೆ ಕೂತರು. ಏಳಲು ಹೋದರು, ಮಂಡಿ ಕೇಳಲಿಲ್ಲ. ನಾನು ಹತ್ತಿರ ಹೋದಾಗ ಬಗ್ಗಿ, “ಲೇಸ್ ಬಿಚ್ಚೇತಿ, ಕಟ್ಟಾಕತ್ತೀನಿ” ಎಂದರು. ಲೇಸು ಬಿಚ್ಚಿರಲಿಲ್ಲ. ಚಾಚಾ ಒಂದು ಕಡೆ, ನಾನೊಂದು ಕಡೆ ಹಿಡಿದು ಎಬ್ಬಿಸಿದೆವು. ಆ ದಿನದ ಹುರುಪಿನಲ್ಲಿಯೇ ಹುಟ್ಟಿದ್ದು ತರಬೇತಿ ಕೇಂದ್ರದ ಯೋಚನೆ. ಅದರ ಹಿಂದೆ ಇರುವುದು ಬರಿಯ ಪ್ರೀತಿ ಎಂಬುದನ್ನು ನಾನು ಬಲ್ಲೆ. ಪ್ರಭುರಾಜನಷ್ಟು ಸರ್ ಅವರನ್ನು ಹಚ್ಚಿಕೊಂಡವರು ಕಡಿಮೆ.

ಇಂಥ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯವನ್ನೂ, ಸೇವೆ ಹೀಗೆಯೇ ಮುಂದುವರಿಯಲೆಂದೂ ಹಾರೈಸುವುದು ಪದ್ಧತಿ. ಅವರಿಗೂ, ಅವರ ಬುತ್ತಿ ಕಟ್ಟುತ್ತಲೇ ಬಂದ ಮಡದಿ ಶೇಖರಮ್ಮನವರಿಗೂ ಆಯುಷ್ಯ, ಆರೋಗ್ಯಗಳು ತುಂಬಿ ಬರಲೆಂದು ಮನಸಾರೆ ಹಾರೈಸುತ್ತೇನೆ. ಸೇವೆಯ ಮಾತಿಗೆ ಬಂದರೆ, ಕಳೆದ ಭಾನುವಾರ ಅವರ ಮನೆಯಲ್ಲಿ ನಡೆದದ್ದನ್ನೇ ಬರೆಯಬೇಕಾಗುತ್ತದೆ.

ಪ್ರಭುರಾಜ, ಕಾಶಿನಾಥ, ನಾನು ಹೋಗಿದ್ದೆವು. ಶೇಖರಮ್ಮನವರು ಮಂಡಕ್ಕಿ, ಮಿರ್ಚಿ ಇಟ್ಟರು. ಚಹಾದ ಲೋಟಗಳನ್ನು ತರಲು ನಾನು ಅಡುಗೆಮನೆಗೆ ಹೋದಾಗ ಅವರು ಒಲೆಯ ಕಡೆಯೇ ನೋಡುತ್ತ ಮೆಲ್ಲಗೆ ಹೇಳಿದರು: “ನಿಮ್ಮ ಸರ್ ನಿದ್ದಿ ಮಾಡಿ ಭಾಳ ದಿನ ಆತವಾ. ಕಣ್ಣ ಮುಚ್ಚತಾರ, ಅಷ್ಟ. ಮಂಡಿ ನೋವು ಮಲಗಗೊಡೂದಿಲ್ಲ. ನಾ ಹೇಳಿದ್ರ, ಹುಡುಗೂರು ಬೇಜಾರ ಮಾಡ್ಕೋತಾವ ಅಂತಾರ.”

ಹೊರಗೆ ಪ್ರಭುರಾಜ ಉತ್ಸಾಹದಲ್ಲಿದ್ದ. “ಸರ, ನೀವು ಏನೂ ಮಾಡೂದು ಬ್ಯಾಡ್ರಿ. ಸುಮ್ಮನ ಕುರ್ಚಿ ಮ್ಯಾಲ ಕುಂತ್ರ ಸಾಕು.”

“ನಿಮ್ಮ ಸರ್ ಯಾವಾಗ ಸುಮ್ಮನ ಕುಂತಾರೋ ಪ್ರಭು?” ಎಂದರು ಶೇಖರಮ್ಮ, ಬಾಗಿಲಲ್ಲಿ ನಿಂತು.

“ಅಮ್ಮಾರ, ಗಾಡಿ ಕಳಸ್ತೀವ್ರಿ. ಏಸಿ ಗಾಡಿ. ಬಸ್ಸಿನ ತ್ರಾಸೇ ಇಲ್ಲ.”

“ಯಾರ ಗಾಡಿ? ಕಾಶಿನಾಥಂದ? ಹಂಗಾರ ಚೀಲದಾಗ ಹೋಗಿ ನಿಂದರ್ತಾರ.”

ಕಾಶಿನಾಥನೇ ಎಲ್ಲರಿಗಿಂತ ಜೋರಾಗಿ ನಕ್ಕ. ಸರ್ ಕೂಡ ನಕ್ಕರು. ಮೇಜಿನ ಕೆಳಗೆ ಅವರ ಕೈ ಮಂಡಿಯನ್ನು ಒತ್ತುತ್ತಲೇ ಇತ್ತು. ನಾನು ಕೂತ ಜಾಗದಿಂದ ಮಾತ್ರ ಅದು ಕಾಣುತ್ತಿತ್ತು. “ನೋಡೂಣು, ನೋಡೂಣು” ಎನ್ನುತ್ತಿದ್ದರು. ಅವರ ನೋಡೋಣ ಎಂದರೆ ಹೂಂ ಎಂದೇ ಅರ್ಥ. ಇಷ್ಟು ವರ್ಷಗಳಲ್ಲಿ ಅದು ಬೇರೆಯಾದದ್ದನ್ನು ನಾನು ಕಂಡಿಲ್ಲ.

“ಕಾರ್ಯಕ್ರಮದ ದಿನಾನ ವೇದಿಕಿ ಮ್ಯಾಲ ಘೋಷಣಾ ಮಾಡಿಬಿಡೂಣು” ಎಂದ ಪ್ರಭುರಾಜ, ನನ್ನ ಕಡೆ ತಿರುಗಿದ. “ಶೈಲಾ, ಸುಮ್ಮನ ಯಾಕ ಕುಂತಿ? ನೀ ಒಂದು ಮಾತು ಹೇಳು. ನಿನ್ನ ಮಾತು ಸರ್ ತಗದಹಾಕೂದಿಲ್ಲ.”

ಎಲ್ಲರೂ ನನ್ನನ್ನು ನೋಡಿದರು. ಸರ್ ಕೂಡ ನೋಡಿದರು, ನಾನು ಕೇಳುವುದಕ್ಕೆ ಮೊದಲೇ ಆಗಲಿ ಎನ್ನಲು ಸಿದ್ಧವಾದ ಅದೇ ಮೆತ್ತನೆಯ ಮುಖದಿಂದ. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನುವಷ್ಟು ದೊಡ್ಡದಾಗಿ ಹೊರಬಂತು.

“ಸರ, ಬ್ಯಾಡ್ರಿ. ನೀವು ಭಾಳ ದಣದೀರಿ.”